ಗೆದ್ದವಳು, ಗೆಲ್ಲಿಸಿದವಳು

ಮಳೆಗಾಲ ಮುಗಿದು ದೀಪಾವಳಿ ಕಳೆಯಿತೆಂದರೆ ಪುತ್ತೂರು, ಸುಳ್ಯ, ಕಡಬಗಳ ಹಳ್ಳಿಮನೆಗಳ ಅಂಗಳಗಳೆಲ್ಲ ಅಡಿಕೆಗೆ ಮೀಸಲು. ತೋಟದಿಂದ ಹೊತ್ತು ತಂದ ಹಣ್ಣಡಿಕೆಯನ್ನು ಬಿಸಿಲಿಗೆ ಹರವಿದ ಮೇಲೆ ಮನೆಯ ಮಕ್ಕಳಿಗೆ ಆಟಕ್ಕೆಂದು ಉಳಿಯುವುದು ಅಂಗಳದ ಒಂದು ಅಂಚು, ಇಲ್ಲವೆ ಹಟ್ಟಿಯ ಹಿಂದಿನ ಮುರಕಲ್ಲಿನ ನೆಲ. ಅಲ್ಲಿ ಬಿದ್ದ ಚೆಂಡು ಯಾವ ಕಡೆಗೆ ಪುಟಿಯುವುದೋ ಹೇಳಬಲ್ಲವರಿಲ್ಲ. ಅಂಥ ನೆಲದಲ್ಲಿ ಆಡಿ ಬೆಳೆಯುವ ಮಕ್ಕಳು ಒಂದು ಉಪಾಯವನ್ನು ತಾವಾಗಿಯೇ ಕಂಡುಕೊಳ್ಳುತ್ತಾರೆ: ಚೆಂಡನ್ನು ನೆಲಕ್ಕೆ ಬೀಳಲು ಬಿಡುವುದೇ ಇಲ್ಲ.

ಇದೇ ಉಪಾಯವನ್ನು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಭೂಗೋಳದ ಆಚೆಯ ಬದಿಯ ಕ್ಯಾಲಿಫೋರ್ನಿಯ ಪ್ರಾಂತದ ಬರ್ಕ್ಲಿ ಎಂಬ ಊರಿನಲ್ಲಿ ಹುಡುಗಿಯೊಬ್ಬಳು ಕಂಡುಕೊಂಡಳು. ಆಕೆಯ ಮನೆಯ ಹಿತ್ತಿಲಿನಲ್ಲಿ ಇದ್ದುದು ಜಲ್ಲಿಕಲ್ಲಿನ ನೆಲ. ಸೋದರರೊಡನೆ ಅಲ್ಲಿ ಚೆಂಡಾಡುವಾಗ ಅದು ಕಲ್ಲಿಗೆ ತಗುಲಿ ಎತ್ತೆತ್ತಲೋ ಹಾರುತ್ತಿತ್ತು. ಹುಡುಗಿ ಮುಂದೆ ನುಗ್ಗಿ, ಚೆಂಡು ಗಾಳಿಯಲ್ಲಿರುವಾಗಲೇ ಅದನ್ನು ಹೊಡೆಯಲು ಕಲಿತಳು. ಹೆಂಗಸರು ಅಂಕಣದ ಹಿಂಬದಿಯ ಗೆರೆಯನ್ನು ಬಿಟ್ಟು ಬಾರದೆ, ಒಬ್ಬರಿಗೊಬ್ಬರು ಮೆಲ್ಲನೆ ಚೆಂಡನ್ನು ಕಳುಹಿಸಿಕೊಡುತ್ತಿದ್ದ ಆ ಕಾಲದ ಟೆನ್ನಿಸ್ ಆಟದ ರೀತಿಯನ್ನು ಈ ಹಿತ್ತಿಲಿನ ಅಭ್ಯಾಸ ಬದಲಾಯಿಸಿತು. ಹುಡುಗಿಯ ಹೆಸರು ಹೇಝಲ್ ಹಾಚ್‌ಕಿಸ್. ಮದುವೆಯಾದ ಮೇಲೆ ಹೇಝಲ್ ವೈಟ್‌ಮನ್ ಎಂದು ಲೋಕಪ್ರಸಿದ್ಧಳಾದವಳು ಈಕೆಯೇ.

ಕನ್ನಡ ಸಾಹಿತ್ಯವನ್ನು ಬೋಧಿಸುವ ನಾನು ಅಮೆರಿಕದ ಆಟಗಾರ್ತಿಯೊಬ್ಬಳ ಚರಿತ್ರೆಗೆ ಕೈಹಾಕಿದ್ದೇಕೆಂದು ಓದುಗರು ಕೇಳಬಹುದು. ಕೇಳುವ ಹಕ್ಕು ಅವರಿಗಿದೆ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಾಲೇಜುಗಳಲ್ಲಿ ಹುಡುಗಿಯರ ತಂಡ ಪರವೂರಿಗೆ ಪಂದ್ಯಾಟಕ್ಕೆ ಹೊರಟಾಗ ಅಧ್ಯಾಪಿಕೆಯೊಬ್ಬಳು ಜೊತೆಗೆ ಹೋಗುವುದು ರೂಢಿ. ಆಟದ ಗಂಧ ಆಕೆಗೆ ಇರಬೇಕೆಂದೇನೂ ಇಲ್ಲ. ಹೀಗೆ ಕೆಲವು ವರ್ಷಗಳ ಹಿಂದೆ ಷಟಲ್ ಬ್ಯಾಡ್ಮಿಂಟನ್ ತಂಡದ ಉಸ್ತುವಾರಿ ನನ್ನ ಪಾಲಿಗೆ ಬಂತು. ತಂಡದಲ್ಲಿ ಕಡಬದ ಆಚೆಯ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅಣ್ಣಂದಿರ ಜೊತೆ ಅಡಿಕೆ ಅಂಗಳದ ಅಂಚಿನಲ್ಲಿ ಆಡಿ ಕಲಿತವಳು. ಮಾತು ಕಡಿಮೆ, ಅಂಕಣಕ್ಕಿಳಿದರೆ ಎದುರಾಳಿಯ ಕೈ ಮೇಲೇಳುವ ಮೊದಲೇ ಷಟಲ್ ಬೀಳುವ ಜಾಗದಲ್ಲಿ ಇವಳಿರುತ್ತಿದ್ದಳು. ಆಟ ತಿಳಿಯದ ನನಗೂ ಅದು ಸಾಮಾನ್ಯವಾದುದಲ್ಲವೆಂದು ತಿಳಿಯುತ್ತಿತ್ತು.

ಆಕೆಯ ಕೊನೆಯ ವರ್ಷದಲ್ಲಿ ದೊಡ್ಡದೊಂದು ಆಯ್ಕೆಯ ಪಂದ್ಯ ಪರೀಕ್ಷೆಯ ಹತ್ತಿರಕ್ಕೆ ಬಂದಿತು. ತಾಯಿ ನನ್ನಲ್ಲಿಗೆ ಬಂದು, ಕಳುಹಿಸಬಹುದೇ ಎಂದು ಕೇಳಿದರು. ಓದು ಬಾಳಿಗೆ ಆಗುವುದು, ಆಟ ನಾಲ್ಕು ದಿನದ್ದು, ಎಂದು ನಾನು ಬುದ್ಧಿ ಹೇಳಿದೆ. ಹುಡುಗಿ ಹೋಗಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೇ ಬಂದವು. ಬೀಳ್ಕೊಡುವ ದಿನ ಮಾತ್ರ ಆಕೆ ನನ್ನನ್ನು ಒಂದು ಪ್ರಶ್ನೆ ಕೇಳಿದಳು: ಆಟ ನಿಂತ ಮೇಲೆ ಆಡಿದವಳಿಗೆ ಉಳಿಯುವುದೇನು? ಅದರಲ್ಲಿ ದೂರು ಇರಲಿಲ್ಲ; ನಿಜವಾಗಿಯೂ ತಿಳಿಯಬೇಕೆಂಬ ಆಸೆಯಿತ್ತು. ನಾನು ಏನೋ ಹೇಳಿ ನುಣುಚಿಕೊಂಡೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಹೇಝಲ್ ವೈಟ್‌ಮನ್ನರ ಬಾಳು.

ಹೇಝಲ್ ಹುಟ್ಟಿದ್ದು 1886ರ ಡಿಸೆಂಬರ್ 20ರಂದು, ಕ್ಯಾಲಿಫೋರ್ನಿಯದ ಹೀಲ್ಡ್ಸ್‌ಬರ್ಗ್ ಎಂಬ ಚಿಕ್ಕ ಊರಿನಲ್ಲಿ. ಉಳ್ಳವರ ಮನೆ. ನಾಲ್ವರು ಗಂಡುಮಕ್ಕಳ ನಡುವೆ ಒಬ್ಬಳೇ ಹೆಣ್ಣುಮಗು. ಎಳವೆಯಲ್ಲಿ ಮಗುವಿನ ಆರೋಗ್ಯ ಅಷ್ಟಕ್ಕಷ್ಟೆ. ಬಯಲಿನಲ್ಲಿ ಆಡಿಸಿ, ಮೈಗೆ ಗಾಳಿ ಬಿಸಿಲು ತಾಗಲಿ ಎಂದು ವೈದ್ಯರು ಸಲಹೆ ಕೊಟ್ಟರು. ಹೀಗೆ ಔಷಧಿಯ ರೂಪದಲ್ಲಿ ಬಂದ ಆಟ ಆಕೆಯನ್ನು ಎಂಬತ್ತೇಳು ವರ್ಷ ಬದುಕಿಸಿತೆಂದರೆ ಅತಿಶಯೋಕ್ತಿಯಾಗಲಾರದು. ಸೋದರರೊಡನೆ ಆಕೆ ಆಡದ ಆಟವಿರಲಿಲ್ಲ. ಕುಟುಂಬ ಬರ್ಕ್ಲಿಗೆ ಬಂದು ನೆಲೆಸಿದ ಮೇಲೆ ಗಂಡುಮಕ್ಕಳ ಒರಟು ಆಟಗಳು ಪ್ರಾಯಕ್ಕೆ ಬರುತ್ತಿರುವ ಹೆಣ್ಣಿಗೆ ಒಪ್ಪುವುದಿಲ್ಲವೆಂಬ ಮಾತು ಅಲ್ಲಿಯೂ ಬಂದಿತು. ಹೆಣ್ಣುಮಕ್ಕಳು ಆಡಿದರೂ ಮರ್ಯಾದೆಗೆ ಕುಂದಿಲ್ಲವೆಂದು ಆ ಸಮಾಜ ಒಪ್ಪಿಕೊಂಡಿದ್ದ ಕೆಲವೇ ಆಟಗಳಲ್ಲಿ ಟೆನ್ನಿಸ್ ಒಂದು.

1902ರಲ್ಲಿ ಸೋದರರು ಆಕೆಯನ್ನು ಒಂದು ದೊಡ್ಡ ಪಂದ್ಯಾಟಕ್ಕೆ ಕರೆದೊಯ್ದರು. ಅಲ್ಲಿ ಹೆಂಗಸರ ಆಟ ಆಕೆಗೆ ರುಚಿಸಲಿಲ್ಲ. ಹಿಂದೆ ನಿಂತು ಚೆಂಡನ್ನು ಅತ್ತಿತ್ತ ಕಳುಹಿಸುವ ಆ ಕ್ರಮ ಬೇಸರ ತರಿಸಿತು. ಆದರೆ ಗಂಡಸರ ಜೋಡಿ ಆಟದಲ್ಲಿ ಹಾರ್ಡಿ ಸೋದರರು ಬಲೆಯ ಹತ್ತಿರಕ್ಕೆ ಧಾವಿಸಿ, ಚೆಂಡು ನೆಲ ಮುಟ್ಟುವ ಮುಂಚೆಯೇ ಹೊಡೆದು ಮುಗಿಸುತ್ತಿದ್ದುದನ್ನು ಕಂಡು ಹುಡುಗಿಯ ಕಣ್ಣರಳಿತು. ತನ್ನ ಹಿತ್ತಿಲಿನ ಜಲ್ಲಿಯ ಮೇಲೆ ನಡೆಯುತ್ತಿದ್ದುದೂ ಇದೇ ಬಗೆಯ ಆಟವಲ್ಲವೇ! ಕೊರತೆಯೆಂದು ತಿಳಿದಿದ್ದುದೇ ತನ್ನ ಬಲವೆಂಬುದು ಆಕೆಗೆ ಅಂದು ಹೊಳೆಯಿತು.

ಹಿತ್ತಿಲು ಸಾಲದಾದಾಗ ಬೇರೆ ಅಂಕಣ ಬೇಕಾಯಿತು. ಹತ್ತಿರದಲ್ಲಿದ್ದುದು ವಿಶ್ವವಿದ್ಯಾನಿಲಯದ ಅಂಕಣ. ಬೆಳಗ್ಗೆ ಎಂಟು ಗಂಟೆಯ ಮೇಲೆ ಅಲ್ಲಿ ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಇದಕ್ಕಾಗಿ ಹೇಝಲ್ ಯಾರೊಡನೆಯೂ ಜಗಳವಾಡಲಿಲ್ಲ, ಆಟವನ್ನು ಬಿಡಲೂ ಇಲ್ಲ. ಆರು ಗಂಟೆಗೇ ಸೋದರರನ್ನು ಎಬ್ಬಿಸಿಕೊಂಡು ಹೋಗಿ, ಎಂಟಕ್ಕೆ ಮೊದಲು ಆಡಿ ಮುಗಿಸಿ ಬರುತ್ತಿದ್ದಳು. ಮನೆಯಲ್ಲಿರುವಾಗ ಗೋಡೆಯೇ ಎದುರಾಳಿ. ಈ ಎರಡು ಗಂಟೆಯ ಕಥೆಯನ್ನು ನನ್ನ ವಿದ್ಯಾರ್ಥಿನಿಯರಿಗೆ ಹೇಳಿದಾಗಲೆಲ್ಲ ಅವರಲ್ಲಿ ಕೆಲವರು ಮುಗುಳ್ನಗುತ್ತಾರೆ. ಮೊದಲ ಬಸ್ಸು ಹಿಡಿದು, ಕಾಲೇಜಿನ ಮೈದಾನ ಹುಡುಗರ ಕೈಸೇರುವ ಮೊದಲೇ ಆಡಿ ಮುಗಿಸುವವರು ಅವರು. ಅವರಿಗೆ ಇದು ದೂರದೇಶದ ಕಥೆಯಾಗಿ ಕೇಳಿಸುವುದಿಲ್ಲ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯಾಗಿರುವಾಗಲೇ ಆಕೆಯ ಹೆಸರು ದೇಶಕ್ಕೆಲ್ಲ ಹಬ್ಬಿತು. 1909ರಲ್ಲಿ ರೈಲಿನಲ್ಲಿ ಖಂಡವನ್ನೇ ದಾಟಿ ಫಿಲಡೆಲ್ಫಿಯಕ್ಕೆ ಹೋದ ಇಪ್ಪತ್ತೆರಡು ವರ್ಷದ ಈ ಹುಡುಗಿ, ಸುಮಾರು ಐದಡಿ ಎತ್ತರದವಳು, ಅಮೆರಿಕದ ರಾಷ್ಟ್ರೀಯ ಪಂದ್ಯಾಟದಲ್ಲಿ ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಮೂರನ್ನೂ ಗೆದ್ದಳು. 1910ರಲ್ಲಿ ಮತ್ತೆ ಮೂರನ್ನೂ ಗೆದ್ದಳು. 1911ರಲ್ಲಿ ಇನ್ನೊಮ್ಮೆ ಮೂರನ್ನೂ ಗೆದ್ದಳು; ಆ ವರ್ಷದ ಮೂರು ಅಂತಿಮ ಪಂದ್ಯಗಳೂ ಒಂದೇ ದಿನ ನಡೆದವು. ಸಿಂಗಲ್ಸಿನಲ್ಲಿ ಫ್ಲಾರೆನ್ಸ್ ಸಟನ್ನಳನ್ನು 8-10, 6-1, 9-7ರಿಂದ ಸೋಲಿಸಿದ ಮೇಲೆ ಉಳಿದೆರಡು ಪಂದ್ಯಗಳಿಗೆ ಇಳಿದು ಅವನ್ನೂ ಜಯಿಸಿದಳು. ಮೊಣಕಾಲಿನ ಕೆಳಗೆ ಇಳಿಬಿದ್ದ ಲಂಗವನ್ನು ತೊಟ್ಟು ಹೆಂಗಸರು ಆಡಬೇಕಾಗಿದ್ದ ಕಾಲವದು ಎಂಬುದನ್ನು ಮರೆಯಬಾರದು.

1910ರಲ್ಲಿ ಸಿಯಾಟಲ್ ನಗರದಲ್ಲಿ ನಡೆದ ಒಂದು ಅಂತಿಮ ಪಂದ್ಯದಲ್ಲಿ ಎದುರಾಳಿಗೆ ಆಕೆ ಒಂದಂಕವನ್ನೂ ಬಿಟ್ಟುಕೊಡಲಿಲ್ಲ. ಎರಡು ಸೆಟ್ಟುಗಳ ಹನ್ನೆರಡು ಗೇಮುಗಳಲ್ಲಿ ನಲವತ್ತೆಂಟು ಅಂಕಗಳೂ ಅವಳವೇ. ಟೆನ್ನಿಸ್ ಚರಿತ್ರೆಯಲ್ಲಿ ಇಂಥ ಪಂದ್ಯಗಳು ಅಪೂರ್ವ. ಆದರೆ ನನ್ನ ಮನಸ್ಸಿಗೆ ಹತ್ತಿರವಾದುದು ಇನ್ನೊಂದು ಪಂದ್ಯ. ಇಂಗ್ಲೆಂಡಿನ ವಿಂಬಲ್ಡನ್ನನ್ನು 1905 ಮತ್ತು 1907ರಲ್ಲಿ ಗೆದ್ದು ಬಂದಿದ್ದ ಮೇ ಸಟನ್, ಕ್ಯಾಲಿಫೋರ್ನಿಯದಲ್ಲಿ ಆಕೆಯ ದೊಡ್ಡ ಪ್ರತಿಸ್ಪರ್ಧಿ. 1911ರಲ್ಲಿ ಕೆನಡಾದ ನಯಾಗರ-ಆನ್-ದ-ಲೇಕ್ ಎಂಬಲ್ಲಿ ಇಬ್ಬರೂ ಎದುರಾದರು. ಮೊದಲ ಸೆಟ್ಟಿನಲ್ಲಿ ಹೇಝಲ್‌ಗೆ ಒಂದು ಗೇಮೂ ಸಿಗಲಿಲ್ಲ. ಎರಡನೆಯದರಲ್ಲಿ 1-5. ಸೋಲಿಗೆ ಒಂದೇ ಗೇಮು ಬಾಕಿ. ಅಲ್ಲಿಂದ ಮುಂದೆ ಆಕೆ ಒಂದು ಗೇಮನ್ನೂ ಕಳೆದುಕೊಳ್ಳಲಿಲ್ಲ. 0-6, 7-5, 6-0ರಿಂದ ಪಂದ್ಯ ಆಕೆಯದಾಯಿತು. ಒಂದಂಕವನ್ನೂ ಬಿಡದೆ ಗೆಲ್ಲುವುದಕ್ಕೆ ಕೌಶಲ ಸಾಕು. ಒಂದು ಗೇಮೂ ಇಲ್ಲದ ಸೆಟ್ಟನ್ನು ಬೆನ್ನಿಗಿಟ್ಟುಕೊಂಡು ಎದ್ದು ನಿಲ್ಲುವುದಕ್ಕೆ ಬೇರೊಂದು ಗುಣ ಬೇಕು. ಮುಂದೆ ಗುರುವಾಗುವವಳಿಗೆ ಎರಡನೆಯ ಪಂದ್ಯವೇ ಹೆಚ್ಚು ಕಲಿಸಿರಬೇಕೆಂದು ನನ್ನ ನಂಬಿಕೆ.

ಅದೇ 1911ರಲ್ಲಿ ಪದವಿ ಮುಗಿಯಿತು. 1912ರ ಫೆಬ್ರವರಿಯಲ್ಲಿ ಬಾಸ್ಟನ್ನಿನ ಜಾರ್ಜ್ ವೈಟ್‌ಮನ್ ಎಂಬವರೊಡನೆ ಮದುವೆಯಾಯಿತು. ಪಶ್ಚಿಮ ಕರಾವಳಿಯ ಹುಡುಗಿ ಪೂರ್ವ ಕರಾವಳಿಯ ಸಿರಿವಂತ ಮನೆತನದ ಸೊಸೆಯಾದಳು. ಇಲ್ಲಿಗೆ ಕಥೆ ಮುಗಿದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಕಾಲೇಜಿನಲ್ಲಿ ಮಿಂಚಿ, ಮದುವೆಯ ಮಂಟಪದಲ್ಲಿ ಆಟ ಮುಗಿಸಿದ ಹೆಣ್ಣುಮಕ್ಕಳ ಲೆಕ್ಕ ಯಾವ ದೇಶದಲ್ಲಿಯೂ ಇಟ್ಟವರಿಲ್ಲ. ಶ್ರೀಮತಿ ವೈಟ್‌ಮನ್ ಐವರು ಮಕ್ಕಳನ್ನು ಹೆತ್ತು ಸಾಕಿದರು. ನಡುವೆ ಅಂಕಣಕ್ಕೂ ಮರಳಿದರು. 1915ರಲ್ಲಿ ರಾಷ್ಟ್ರೀಯ ಸಿಂಗಲ್ಸಿನ ಅಂತಿಮ ಪಂದ್ಯವನ್ನು ತಲಪಿ, ನಾರ್ವೆಯಿಂದ ಬಂದ ಮೊಲ್ಲಾ ಬ್ಯೂರ್‌ಸ್ಟೆಟ್ ಎದುರು ಸೋತರು. 1919ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ತಾಯಿಯಾಗಿದ್ದುಕೊಂಡೇ ನಾಲ್ಕನೆಯ ಬಾರಿಗೆ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದರು. ಅಲ್ಲಿಗೆ ತಮ್ಮೊಬ್ಬರ ಗೆಲುವಿನ ಹಸಿವು ಅವರಿಗೆ ತೀರಿದಂತೆ ತೋರುತ್ತದೆ.

ಏಕೆಂದರೆ ಅದೇ ಸಮಯದಲ್ಲಿ ಅವರು ಬೇರೊಂದು ಕೆಲಸಕ್ಕೆ ತೊಡಗಿದ್ದರು. ಗಂಡಸರಿಗೆ 1900ರಿಂದ ಡೇವಿಸ್ ಕಪ್ ಇತ್ತು. ದೇಶ ದೇಶಗಳ ತಂಡಗಳು ಅದಕ್ಕಾಗಿ ಸೆಣಸುತ್ತಿದ್ದವು. ಹೆಂಗಸರಿಗೆ ಅಂಥದೊಂದು ಇರಲಿಲ್ಲ. ಶ್ರೀಮತಿ ವೈಟ್‌ಮನ್ ಬೆಳ್ಳಿಯ ಎತ್ತರದ ಹೂದಾನಿಯೊಂದನ್ನು ಕೊಂಡು, ರಾಷ್ಟ್ರಗಳ ನಡುವಣ ಸ್ತ್ರೀಯರ ಪಂದ್ಯಾಟಕ್ಕೆಂದು ಟೆನ್ನಿಸ್ ಸಂಸ್ಥೆಯವರಿಗೆ ಒಪ್ಪಿಸಿದರು. ಹಲವು ದೇಶಗಳು ಕೂಡುವ ಆ ಯೋಜನೆ ಆಗ ಕೈಗೂಡಲಿಲ್ಲ. ಕೊನೆಗೆ 1923ರ ಆಗಸ್ಟಿನಲ್ಲಿ, ಫಾರೆಸ್ಟ್ ಹಿಲ್ಸ್‌ನ ಹೊಸ ಕ್ರೀಡಾಂಗಣದ ಆರಂಭೋತ್ಸವದಲ್ಲಿ, ಅಮೆರಿಕ ಮತ್ತು ಬ್ರಿಟನ್ ಎರಡೇ ತಂಡಗಳು ಆಡಿದವು. ಅಮೆರಿಕ 7-0ರಿಂದ ಗೆದ್ದಿತು. ಹೂದಾನಿಯ ಮೇಲೆ ಕೊಟ್ಟವರ ಹೆಸರಿರಲಿಲ್ಲ. ಜನ ಮಾತ್ರ ಅದನ್ನು ವೈಟ್‌ಮನ್ ಕಪ್ ಎಂದೇ ಕರೆದರು, ಆ ಹೆಸರೇ ನಿಂತಿತು. ಯುದ್ಧದ ವರ್ಷಗಳನ್ನು ಬಿಟ್ಟು 1989ರವರೆಗೆ ಅದು ನಡೆಯಿತು. ಐದು ಬಾರಿ ಆಟಗಾರ್ತಿಯಾಗಿ, ಹದಿಮೂರು ಬಾರಿ ನಾಯಕಿಯಾಗಿ ಶ್ರೀಮತಿ ವೈಟ್‌ಮನ್ 1948ರವರೆಗೆ ಅದರಲ್ಲಿ ಭಾಗಿಯಾದರು. ಅವರು ಮೊದಲು ಕಂಡ ಬಹುರಾಷ್ಟ್ರಗಳ ಕನಸು 1963ರಲ್ಲಿ ಫೆಡರೇಷನ್ ಕಪ್ ಎಂಬ ಹೆಸರಿನಲ್ಲಿ ನನಸಾಯಿತು. ಅಷ್ಟರಲ್ಲಿ ಅವರಿಗೆ ಎಪ್ಪತ್ತಾರು ವರ್ಷ.

ಇನ್ನು ಅವರ ಗುರುತ್ವದ ಮಾತು. ಬರ್ಕ್ಲಿಯಲ್ಲಿ ಹೆಲೆನ್ ವಿಲ್ಸ್ ಎಂಬ ಹುಡುಗಿಯೊಬ್ಬಳಿದ್ದಳು. ತವರಿಗೆ ಹೋದಾಗ ಶ್ರೀಮತಿ ವೈಟ್‌ಮನ್ ಈ ಹುಡುಗಿಯನ್ನು ಕಂಡರು. ಅವಳ ಹೊಡೆತದಲ್ಲಿ ಬಲವಿತ್ತು, ಕಾಲಿನಲ್ಲಿ ಚುರುಕಿರಲಿಲ್ಲ, ಬಲೆಯ ಬಳಿಗೆ ಬರಲು ಹಿಂಜರಿಕೆ. ರಾಷ್ಟ್ರದ ಪ್ರಶಸ್ತಿಗಳನ್ನು ಗೆದ್ದಿದ್ದ ಹೆಂಗಸು ಆ ಎಳೆಯ ಹುಡುಗಿಯ ಎದುರು ನಿಂತು, ದಿನವೂ ಆಡಿ, ಗಾಳಿಯಲ್ಲಿಯೇ ಚೆಂಡನ್ನು ಹೊಡೆಯುವ ತಮ್ಮ ವಿದ್ಯೆಯನ್ನು ಧಾರೆಯೆರೆದರು. ಆ ಹುಡುಗಿಯೇ ಮುಂದೆ ವಿಂಬಲ್ಡನ್ ಸಿಂಗಲ್ಸನ್ನು ಎಂಟು ಸಲ ಗೆದ್ದಳು.

ಗುರುಶಿಷ್ಯೆಯರು ಜೋಡಿಯಾಗಿಯೂ ಆಡಿದರು. 1924ರಲ್ಲಿ ಶಿಷ್ಯೆಗೆ ಹದಿನೆಂಟು, ಗುರುವಿಗೆ ಮೂವತ್ತೇಳು. ಆ ಬೇಸಗೆಯಲ್ಲಿ ವಿಂಬಲ್ಡನ್ನಿನ ಡಬಲ್ಸನ್ನು ಗೆದ್ದು, ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಇಂಗ್ಲೆಂಡಿನ ಕೋವೆಲ್ ಮತ್ತು ಮಕೇನ್ ಜೋಡಿಯನ್ನು 7-5, 8-6ರಿಂದ ಸೋಲಿಸಿ ಚಿನ್ನದ ಪದಕವನ್ನು ಪಡೆದರು. ಜೋಡಿಯಾಗಿ ಅವರು ಎಂದೂ ಸೋಲಲಿಲ್ಲ. ಆಟದ ನಡುವೆ ನಿಂತಲ್ಲೇ ನಿಲ್ಲುತ್ತಿದ್ದ ಶಿಷ್ಯೆಗೆ ಓಡು ಓಡು ಎಂದು ಗುರು ಕೂಗುತ್ತಿದ್ದುದು ಪ್ರಸಿದ್ಧ.

ಅದೇ ಒಲಿಂಪಿಕ್‌ನ ಮಿಶ್ರ ಡಬಲ್ಸಿನಲ್ಲಿ ಅವರ ಜೊತೆಗಾರ ನಾರಿಸ್ ವಿಲಿಯಮ್ಸ್. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಿಂದ ಬದುಕಿ ಬಂದವರು ಈತ. ಪ್ಯಾರಿಸ್ಸಿನಲ್ಲಿ ಅವರ ಕಾಲು ಉಳುಕಿತ್ತು. ಆಟದಿಂದ ಹಿಂದೆ ಸರಿಯೋಣವೆಂದರು. ಶ್ರೀಮತಿ ವೈಟ್‌ಮನ್ ಒಪ್ಪಲಿಲ್ಲ. ಬಲೆಯ ಬಳಿ ನಿಂತಿದ್ದರೆ ಸಾಕು, ಓಡುವುದನ್ನೆಲ್ಲ ತಾವು ನೋಡಿಕೊಳ್ಳುವೆವೆಂದು ಅವರನ್ನು ಒಪ್ಪಿಸಿ, ಆ ಚಿನ್ನವನ್ನೂ ಗೆದ್ದರು. ಆ ವರ್ಷದ ಬಳಿಕ ಟೆನ್ನಿಸ್ 1988ರವರೆಗೆ ಒಲಿಂಪಿಕ್ ಪದಕದ ಆಟಗಳ ಪಟ್ಟಿಯಿಂದ ಹೊರಗೇ ಉಳಿಯಿತು. ನಮ್ಮ ದೇಶದ ಮಟ್ಟಿಗೂ ಆ ಕ್ರೀಡಾಕೂಟ ಸ್ಮರಣೀಯ. ಭಾರತದ ಪರವಾಗಿ ನೋರಾ ಪಾಲಿ ಎಂಬ ಮಹಿಳೆ ಅಲ್ಲಿ ಟೆನ್ನಿಸ್ ಆಡಿದರು. ಹತ್ತು ವರ್ಷಗಳ ಮೇಲೆ, 1934ರಲ್ಲಿ, ಲೀಲಾ ರಾವ್ ವಿಂಬಲ್ಡನ್ನಿನಲ್ಲಿ ಪಂದ್ಯವೊಂದನ್ನು ಗೆದ್ದ ಮೊದಲ ಭಾರತೀಯ ಮಹಿಳೆಯಾದರು.

ಹೆಲೆನ್ ವಿಲ್ಸ್ ಒಬ್ಬಳನ್ನು ತಯಾರು ಮಾಡಿದ್ದರೂ ಗುರುವೆಂಬ ಕೀರ್ತಿಗೆ ಸಾಕಾಗುತ್ತಿತ್ತು. ಹೆಲೆನ್ ಜೇಕಬ್ಸ್, ಸಾರಾ ಪಾಲ್‌ಫ್ರಿ ಮೊದಲಾದವರೂ ಅವರ ಗರಡಿಯಲ್ಲಿ ಪಳಗಿದವರೇ. ಜೇಕಬ್ಸ್ 1932ರಿಂದ 1935ರವರೆಗೆ ಸತತವಾಗಿ ಅಮೆರಿಕದ ಪ್ರಶಸ್ತಿಯನ್ನೂ 1936ರಲ್ಲಿ ವಿಂಬಲ್ಡನ್ನನ್ನೂ ಗೆದ್ದಳು. ಪಾಲ್‌ಫ್ರಿ 1941 ಮತ್ತು 1945ರಲ್ಲಿ ಅಮೆರಿಕದ ಪ್ರಶಸ್ತಿಯನ್ನು ಗೆದ್ದಳು. ಆದರೆ ಅವರ ದಿನಗಳಲ್ಲಿ ಹೆಚ್ಚಿನವು ಕಳೆದುದು ಎಂದೂ ಯಾವ ಪ್ರಶಸ್ತಿಯನ್ನೂ ಗೆಲ್ಲದ ಹುಡುಗಿಯರ ಜೊತೆಗೆ. ಬಾಸ್ಟನ್ನಿನ ಹತ್ತಿರದ ಲಾಂಗ್‌ವುಡ್ ಕ್ಲಬ್ಬಿನಲ್ಲಿ ಎಳೆಯ ಹುಡುಗಿಯರಿಗೂ ನಡುವಯಸ್ಸಿನ ಗೃಹಿಣಿಯರಿಗೂ ಅವರು ಪಾಠ ಹೇಳಿದರು. ಚೆಸ್ಟ್‌ನಟ್ ಹಿಲ್‌ನ ತಮ್ಮ ಮನೆಯ ಕಾರುಕೊಟ್ಟಿಗೆಯ ಗೋಡೆಯನ್ನೇ ಪಾಠಶಾಲೆ ಮಾಡಿಕೊಂಡರು. ಯಾರಿಂದಲೂ ಶುಲ್ಕ ತೆಗೆದುಕೊಳ್ಳಲಿಲ್ಲ. 1940ರಲ್ಲಿ ದಾಂಪತ್ಯ ಮುರಿದ ಮೇಲೆ ಆ ಮನೆಯೇ ಅವರ ಲೋಕವಾಯಿತು. ಪಂದ್ಯಾಟದ ವಾರಗಳಲ್ಲಿ ಅದು ಛತ್ರವಾಗಿಬಿಡುತ್ತಿತ್ತು. ದೂರದಿಂದ ಬಂದ, ಉಳಿಯಲು ಬೇರೆ ತಾಣವಿಲ್ಲದ ಹುಡುಗಿಯರಿಗೆ ಅಲ್ಲಿ ಊಟವಿತ್ತು, ಹಾಸಿಗೆಯಿತ್ತು. ಹಾಸಿಗೆ ಮುಗಿದರೆ ನೆಲವಿತ್ತು.

1933ರಲ್ಲಿ ಅವರು ಬೆಟರ್ ಟೆನ್ನಿಸ್ ಎಂಬ ಪುಸ್ತಕವನ್ನು ಬರೆದರು. ಕಾಲಿನ ನಡೆಗೆ, ಮುಂದಾಲೋಚನೆಗೆ, ಮನಸ್ಸಿನ ಹಿಡಿತಕ್ಕೆ ಅದರಲ್ಲಿ ದೊಡ್ಡ ಸ್ಥಾನ. ಆಟಗಾರ್ತಿ ನೆನಪಿಡಬೇಕಾದ ನಿಯಮಗಳನ್ನು ಇಂಗ್ಲಿಷಿನ ಅಕ್ಷರಮಾಲೆಯ ಕ್ರಮದಲ್ಲಿ, ಅಕ್ಷರಕ್ಕೊಂದರಂತೆ, ಜೋಡಿಸಿಕೊಟ್ಟಿದ್ದಾರೆ. ಇದನ್ನು ತಿಳಿದಾಗ ನಮ್ಮ ಯಕ್ಷಗಾನದ ಗುರುಗಳ ನೆನಪಾಯಿತು. ನಮ್ಮ ತೆಂಕುತಿಟ್ಟಿನಲ್ಲಿಯೂ ಹುಡುಗ ಕಿರೀಟ ಕಟ್ಟುವುದಕ್ಕೆ ಎಷ್ಟೋ ಮೊದಲು ಹೆಜ್ಜೆ ಕಲಿಯಬೇಕು. ತಾಳಕ್ಕೆ ಸರಿಯಾಗಿ ಕಾಲು ಬೀಳದವನಿಗೆ ಮಾತಿನ ವೈಭವ ಎಷ್ಟಿದ್ದರೇನು? ರಂಗಸ್ಥಳದಲ್ಲಿ ಕುಣಿದು ಹೆಸರಾದ ವೇಷಧಾರಿ ಮುಂದೆ ಮಕ್ಕಳ ಎದುರು ನಿಂತು ಅದೇ ಮೊದಲ ಹೆಜ್ಜೆಯನ್ನು ನೂರು ಸಲ ತೋರಿಸುವಾಗ ಅವನು ಕೆಳಗಿಳಿದನೆಂದು ನಾವು ಹೇಳುತ್ತೇವೆಯೇ? ಗುರುವಾದನೆಂದು ಕಾಲು ಮುಟ್ಟುತ್ತೇವೆ. ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು ಕಾದಂಬರಿ ಬರೆಯುವ ಕೈಯಲ್ಲಿಯೇ ಮಕ್ಕಳಿಗಾಗಿ ಬಾಲಪ್ರಪಂಚವನ್ನು ಬರೆದರು, ಮಕ್ಕಳೊಡನೆ ಕುಣಿದರು. ಅದರಿಂದ ಅವರ ಕಾದಂಬರಿಗಳ ತೂಕ ಕಡಿಮೆಯಾಗಲಿಲ್ಲ.

ಶ್ರೀಮತಿ ವೈಟ್‌ಮನ್ ಕಲಿಸುತ್ತಲೇ ಆಡಿದರು, ಆಡುತ್ತಲೇ ಕಲಿಸಿದರು. ಅಮೆರಿಕದ ರಾಷ್ಟ್ರಮಟ್ಟದಲ್ಲಿ ಹಿರಿಯರ ಮತ್ತು ಒಳಾಂಗಣದ ಪಂದ್ಯಗಳನ್ನೂ ಸೇರಿಸಿ ಅವರು ಗೆದ್ದ ಪ್ರಶಸ್ತಿಗಳು ನಲವತ್ತಕ್ಕೂ ಹೆಚ್ಚು. ಅರವತ್ತು ದಾಟಿದ ಮೇಲೂ ಗೆದ್ದದ್ದುಂಟು. 1957ರಲ್ಲಿ ಟೆನ್ನಿಸ್ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿತು. ವೈಟ್‌ಮನ್ ಕಪ್ಪಿಗೆ ಐವತ್ತು ತುಂಬಿದ 1973ರಲ್ಲಿ ಬ್ರಿಟನ್ನಿನ ರಾಣಿ ಅವರಿಗೆ ಗೌರವ ಬಿರುದನ್ನಿತ್ತರು. ಅದಕ್ಕೆ ಒಂದು ವರ್ಷ ಮೊದಲು, 1972ರಲ್ಲಿ, ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದೆಂಬ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂದಿತ್ತು. ಕಾಲೇಜುಗಳ ಆಟದ ಬಯಲುಗಳು ಹುಡುಗಿಯರಿಗೆ ಹಕ್ಕಾಗಿ ತೆರೆದುಕೊಳ್ಳತೊಡಗಿದ್ದು ಅದರಿಂದ. ಎಂಟು ಗಂಟೆಗೆ ಮುಂಚೆ ಆಡಿ ಓಡುತ್ತಿದ್ದ ಹುಡುಗಿ ತನ್ನ ಬಾಳಿನ ಸಂಜೆಯಲ್ಲಿ ಅಷ್ಟನ್ನು ಕಂಡಳು. 1974ರ ಡಿಸೆಂಬರ್ 5ರಂದು ಚೆಸ್ಟ್‌ನಟ್ ಹಿಲ್‌ನ ಮನೆಯಲ್ಲಿ ಶ್ರೀಮತಿ ವೈಟ್‌ಮನ್ ತೀರಿಕೊಂಡರು.

ಕಳೆದ ಮಳೆಗಾಲದಲ್ಲಿ ಒಂದು ದಿನ ಕಡಬದಿಂದ ಪುತ್ತೂರಿಗೆ ಬರುವ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಸಿಕ್ಕಿದಳು. ಮಡಿಲಲ್ಲಿ ಮಗು. ಹೊರಗೆ ಜಡಿಮಳೆ, ಕುಮಾರಧಾರೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಹಿಂದೆ ನಾನು ಅವಳ ತಾಯಿಗೆ ಹೇಳಿದ ಬುದ್ಧಿಮಾತು ತಪ್ಪಾಗಿತ್ತೆಂದು ಒಪ್ಪಿಕೊಂಡೆ. ಆಕೆ ಅದಕ್ಕೆ ಏನೂ ಹೇಳಲಿಲ್ಲ. ಇಲ್ಲವೆಂದು ಉಪಚಾರದ ಮಾತನ್ನೂ ಆಡಲಿಲ್ಲ. ಅದು ಸರಿಯಾಗಿಯೇ ಇತ್ತು. ಆಮೇಲೆ ಶ್ರೀಮತಿ ವೈಟ್‌ಮನ್ನರ ಕಥೆಯನ್ನು ಹೇಳಿದೆ. ಜಲ್ಲಿಯ ಹಿತ್ತಿಲು ಬಂದಾಗ ನಕ್ಕಳು. ಕೊನೆಯವರೆಗೂ ಕೇಳಿ, ಒಂದೇ ಪ್ರಶ್ನೆ ಹಾಕಿದಳು: ಆಕೆ ಊರಿನ ಮಕ್ಕಳಿಗೆಲ್ಲ ಕಲಿಸುತ್ತಿರುವಾಗ ಆಕೆಯ ಐವರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಯಾರು?

ಗೆಲುವುಗಳ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದ ನಾನು ಈ ಪ್ರಶ್ನೆಯನ್ನು ಎದುರುನೋಡಿರಲಿಲ್ಲ. ಅದು ಸಿರಿವಂತರ ಮನೆಯಾಗಿತ್ತೆಂದು ಹೇಳಬೇಕಾಯಿತು. ಶುಲ್ಕ ತೆಗೆದುಕೊಳ್ಳದೆ ಕಲಿಸುವುದಕ್ಕೂ ಅನುಕೂಲ ಬೇಕು. ಅದನ್ನು ಮರೆಮಾಡಿ ಆ ಬಾಳನ್ನು ಹೊಗಳಿದರೆ ಕೇಳುವವರಿಗೆ ಅನ್ಯಾಯವಾಗುತ್ತದೆ. ಹುಡುಗಿ ತಲೆಯಾಡಿಸಿದಳು. ಆಮೇಲೆ ತಾನಾಗಿಯೇ ಹೇಳಿದಳು: ತನ್ನ ಗಂಡನ ಮನೆಯ ಹತ್ತಿರದ ಶಾಲೆಯ ಐದಾರು ಹೆಣ್ಣುಮಕ್ಕಳು ಆದಿತ್ಯವಾರ ಬೆಳಗ್ಗೆ ಬರುತ್ತಾರೆ, ಅಡಿಕೆ ಹರವುವ ಮೊದಲು ಅಂಗಳದಲ್ಲಿ ಒಂದು ಗಂಟೆ ಆಡಿಸುತ್ತಾಳೆ, ಆ ಒಂದು ಗಂಟೆ ಮಗುವನ್ನು ಅತ್ತೆ ಎತ್ತಿಕೊಳ್ಳುತ್ತಾರೆ. ಅತ್ತೆಗೆ ಸೊಂಟನೋವು ಬಂದ ವಾರ ಆಟವಿಲ್ಲ.

ಉಳಿಯುವುದೇನು ಎಂದು ಅಂದು ಕೇಳಿದವಳು ಇಂದು ಆ ಪ್ರಶ್ನೆಯನ್ನು ಎತ್ತಲಿಲ್ಲ. ಬಸ್ಸು ಪುತ್ತೂರಿಗೆ ಬಂದಿತು. ಮಗುವನ್ನು ನನ್ನ ಕೈಗೆ ಕೊಟ್ಟು, ಚೀಲಗಳನ್ನು ಇಳಿಸಿಕೊಂಡಳು. ನಾನು ಇಳಿದು, ಮಗುವನ್ನು ಹಿಂದಕ್ಕೆ ಕೊಡುವ ಮುನ್ನ, ಮುಂದಿನ ಆದಿತ್ಯವಾರ ಅವಳ ಊರಿಗೆ ಬರುವ ಮೊದಲ ಬಸ್ಸು ಎಷ್ಟು ಗಂಟೆಗೆಂದು ಕೇಳಿದೆ. ಷಟಲ್ ಹೊಡೆಯಲು ನನಗೆ ಬಾರದು. ಮಗುವನ್ನು ಒಂದು ಗಂಟೆ ಎತ್ತಿಕೊಳ್ಳಲು ಬರುತ್ತದೆ.